ನಾಲ್ಕು ಕಾಳಿನಲ್ಲಿ ಡಿಎನ್‌ಎ ಬರಹ: ಮನೆಯಲ್ಲೇ ಬರೆದು ನೋಡಿ

ಡಿಎನ್‌ಎ ಒಂದು ಸಂಕೇತ ಅಂತ ಪುಸ್ತಕದಲ್ಲಿ ಓದುತ್ತೇವೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಬಿಡುತ್ತೇವೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಇದನ್ನು ಹೇಳಿಕೊಡಲು ಕೂತಾಗ ನನ್ನ ಕೈಗೆ ಬಂದದ್ದು ಅಡುಗೆಮನೆಯ ಕಾಳಿನ ಡಬ್ಬಿಗಳು. ಕಲಬುರಗಿಯ ಮನೆಗಳಲ್ಲಿ ಕಾಳಿಗೇನು ಕಡಿಮೆ, ಅಲ್ವಾ?

ತೊಗರಿ, ಉದ್ದು, ಹೆಸರು, ಕಡಲೆ ಒಂದೊಂದು ಹಿಡಿ ತೆಗೆದುಕೊಳ್ಳಿ. ಇಡೀ ಕಾಳೇ ಬೇಕು. ಬೇಳೆಯಾದರೆ ತೊಗರಿಯೂ ಕಡಲೆಯೂ ಹಳದಿ, ಗುರುತು ಸಿಗುವುದಿಲ್ಲ. ಒಂದು ಹಳೆಯ ಲಗ್ನಪತ್ರಿಕೆ, ಗೋಂದು, ನೋಟ್‌ಬುಕ್ ಇಟ್ಟುಕೊಳ್ಳಿ.

ಡಿಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ: ಅಡೆನಿನ್, ಸೈಟೊಸಿನ್, ಗ್ವಾನಿನ್, ಥೈಮಿನ್. ತೊಗರಿಯನ್ನು ಅಡೆನಿನ್, ಉದ್ದನ್ನು ಸೈಟೊಸಿನ್, ಹೆಸರನ್ನು ಗ್ವಾನಿನ್, ಕಡಲೆಯನ್ನು ಥೈಮಿನ್ ಅಂದುಕೊಳ್ಳಿ. ಬರೆಯುವಾಗ ತೊ, ಉ, ಹೆ, ಕ ಅಂತ ಬರೆದರೆ ಸಾಕು.

ಮೊದಲು ಪಟ್ಟಿ

ಕನ್ನಡದ ಒಂದು ಅಕ್ಷರಕ್ಕೆ ಎಷ್ಟು ಕಾಳು ಬೇಕು? ಒಂದೊಂದೇ ಇಟ್ಟರೆ ನಾಲ್ಕು ಅಕ್ಷರಕ್ಕೆ ಮುಗಿಯಿತು. ಎರಡೆರಡು ಇಟ್ಟರೆ 16. ಮೂರು ಮೂರು ಇಟ್ಟರೆ 64. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಹಾಗಾಗಿ ಮೂರು ಬೇಕೇ ಬೇಕು, ಮೂರು ಸಾಕೂ ಸಾಕು.

ಜೀವಕೋಶದ ಲೆಕ್ಕವೂ ಇದೇ. ಪ್ರೋಟೀನು ಕಟ್ಟಲು ಅದಕ್ಕೆ 20 ಬಗೆಯ ಅಮೈನೊ ಆಮ್ಲ ಬೇಕು. 16 ಸಾಲದು. ಅದಕ್ಕೇ ಅದು ಮೂರಕ್ಷರದ ಪದಗಳಲ್ಲಿ ಓದುತ್ತದೆ. 64 ಪದಗಳಲ್ಲಿ 61 ಅಮೈನೊ ಆಮ್ಲಗಳಿಗೆ, ಉಳಿದ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನಲು. ಈ ಪಟ್ಟಿಯನ್ನು ಬಿಡಿಸಿದವರಲ್ಲಿ ಹರಗೋಬಿಂದ್ ಖುರಾನಾ ಒಬ್ಬರು. ಎರಡೇ ಅಕ್ಷರ ಒಂದಾದ ಮೇಲೊಂದು ಬರುವ ಸರಪಳಿಯನ್ನು ಅವರು ಪ್ರಯೋಗಾಲಯದಲ್ಲಿ ತಯಾರಿಸಿದರು. ಅದನ್ನು ಮೂರು ಮೂರಾಗಿ ಓದಿದರೆ ಎರಡು ಪದಗಳು ಸರದಿಯಂತೆ ಬರಬೇಕು. ಹಾಗೆಯೇ ಅದರಿಂದ ಎರಡು ಅಮೈನೊ ಆಮ್ಲಗಳು ಸರದಿಯಂತೆ ಬಂದವು. ಎಷ್ಟು ಚೆಂದದ ಪ್ರಯೋಗ! 1968ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ಈಗ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅ ಅಂದರೆ ತೊ-ತೊ-ತೊ, ಆ ಅಂದರೆ ತೊ-ತೊ-ಉ, ಇ ಅಂದರೆ ತೊ-ತೊ-ಹೆ, ಈ ಅಂದರೆ ತೊ-ತೊ-ಕ. ಆಮೇಲೆ ನಡುವಿನ ಕಾಳು ಬದಲಾಗುತ್ತದೆ: ಉ ಅಂದರೆ ತೊ-ಉ-ತೊ. ಇದೇ ಕ್ರಮದಲ್ಲಿ ಅನುಸ್ವಾರ, ವಿಸರ್ಗ, ವ್ಯಂಜನಗಳನ್ನೂ ದಾಟಿ ಹೋದರೆ ಕೊನೆಯ ಳ್ ಬರುವುದು ಕ-ತೊ-ತೊ ಹತ್ತಿರ. ಉಳಿದ 15ರಲ್ಲಿ ಅಂಕಿ, ಪೂರ್ಣವಿರಾಮ ಕೂರಿಸಬಹುದು.

ಪದ ಬರೆಯುವುದು

'ಜೋಳ' ಬರೆಯೋಣ. ಬಿಡಿಸಿದರೆ ಜ್, ಓ, ಳ್, ಅ. ಪಟ್ಟಿ ನೋಡಿ ಕಾಳು ಜೋಡಿಸಿ:

ಉ-ಉ-ಹೆ, ತೊ-ಹೆ-ಕ, ಕ-ತೊ-ತೊ, ತೊ-ತೊ-ತೊ.

ಕೊನೆಯಲ್ಲಿ ಐದು ತೊಗರಿ ಸಾಲಾಗಿ ಬಂದವು. ದೂರದಿಂದ ಓದಿದ ಮಗಳು ನಾಲ್ಕು ಅಂದಳು. ನಿಜವಾದ ಡಿಎನ್‌ಎ ಓದುವ ಯಂತ್ರಗಳೂ ಎಡವುವುದು ಇಲ್ಲೇ, ಒಂದೇ ಅಕ್ಷರ ಸಾಲಾಗಿ ಬಂದ ಕಡೆ. 2013ರಲ್ಲಿ, ಕಂಪ್ಯೂಟರ್ ಫೈಲುಗಳನ್ನು ಡಿಎನ್‌ಎಯಲ್ಲಿ ಬರೆದಿಡಲು ಹೊರಟ ಬ್ರಿಟನ್ನಿನ ವಿಜ್ಞಾನಿಗಳ ಒಂದು ತಂಡ, ಪಕ್ಕಪಕ್ಕದಲ್ಲಿ ಒಂದೇ ಅಕ್ಷರ ಎರಡು ಸಲ ಬರದಂಥ ಸಂಕೇತವನ್ನೇ ಮಾಡಿತು. ನಮಗೆ ಅಷ್ಟು ಬೇಡ. ಕನ್ನಡದಲ್ಲಿ ಜಾಸ್ತಿ ಬರುವುದು ಅಕಾರ. ಅದನ್ನು ಉಳಿದ ಜಾಗಕ್ಕೆ, ಕ-ತೊ-ಉಗೆ, ಸರಿಸಿ. ಈಗ ಜೋಳ ಹೀಗಾಯಿತು:

ಉ-ಉ-ಹೆ, ತೊ-ಹೆ-ಕ, ಕ-ತೊ-ತೊ, ಕ-ತೊ-ಉ.

ಇಷ್ಟಾದ ಮೇಲೆ ಅಂಟಿಸಿ. ಕೆಳಗಿನ ಸಾಲಿನಲ್ಲಿ ತೊಗರಿಗೆ ಎದುರು ಕಡಲೆ, ಕಡಲೆಗೆ ತೊಗರಿ, ಉದ್ದಿಗೆ ಹೆಸರು, ಹೆಸರಿಗೆ ಉದ್ದು ಇಡಿ. ಡಿಎನ್‌ಎಯ ಎರಡು ಎಳೆಗಳೂ ಹೀಗೇ ಇರುತ್ತವೆ. ಮೇಲಿನ ಸಾಲು ಕಿತ್ತುಹೋದರೂ ಕೆಳಗಿನದನ್ನು ನೋಡಿ ಮತ್ತೆ ಬರೆಯಬಹುದು.

ಗೋಂದು ಒಣಗುವ ಮುಂಚೆ ಮೇಲಿನ ಸಾಲಿನ ನಾಲ್ಕನೇ ಕಾಳು ತೆಗೆದು, ಉಳಿದವನ್ನು ಮುಂದಕ್ಕೆ ಸರಿಸಿ ಓದಿ. ಜ್, ಹ್, ಈ ಬಂದು ಎರಡು ಕಾಳು ಉಳಿದವು. 'ಜ್ಹೀ'! ಒಂದೇ ಕಾಳು ಹೋದದ್ದಕ್ಕೆ ಅದರ ಮುಂದಿನದೆಲ್ಲ ಕೆಟ್ಟಿತು. ಜೀನ್‌ನಲ್ಲಿ ಒಂದಕ್ಷರ ಬಿಟ್ಟುಹೋದರೆ ಪ್ರೋಟೀನು ಹಾಳಾಗುವುದೂ ಹೀಗೆಯೇ. ನೋಡಿ ಆದ ಮೇಲೆ ಕಾಳನ್ನು ವಾಪಸು ಇಡಿ.

ಲ್ಯಾಬಿನಲ್ಲಿ

ವಿಜ್ಞಾನಿಗಳು ಮಾಡುವುದೂ ಇದೇ ಕೆಲಸ. ಕಂಪ್ಯೂಟರ್ ಫೈಲನ್ನು ಡಿಎನ್‌ಎಯಲ್ಲಿ ಕೂಡಿಡಲು ಅದನ್ನು ನಾಲ್ಕಕ್ಷರದ ಸಂಕೇತಕ್ಕೆ ಇಳಿಸಿ, ಇನ್ನೂರರ ಆಸುಪಾಸು ಅಕ್ಷರಗಳ ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಹಚ್ಚಿ, ರಾಸಾಯನಿಕವಾಗಿ ಅಕ್ಷರಕ್ಕೆ ಅಕ್ಷರ ಪೋಣಿಸುತ್ತಾರೆ. 2017ರ ಒಂದು ವಿಧಾನದಲ್ಲಿ ಒಂದು ಗ್ರಾಂ ಡಿಎನ್‌ಎಗೆ 215 ಪೆಟಾಬೈಟ್ ಹಿಡಿಯುವ ಲೆಕ್ಕ ಬಂತು. ಅಂದರೆ ಸುಮಾರು 21.5 ಕೋಟಿ ಜಿಬಿ. ಬರೆಯಲು ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಆದರೆ ತಂಪಾಗಿ, ಒಣಗಿದ ಕಡೆ ಇಟ್ಟರೆ ಹಾರ್ಡ್‌ಡಿಸ್ಕಿಗಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ.

ನೀವು ಅಂಟಿಸಿದ ತೊಗರಿ ಕಾಳನ್ನೇ ನೋಡಿ. ಅದರ ಒಂದೊಂದು ಕೋಶದೊಳಗೂ ಸುಮಾರು 83 ಕೋಟಿ ಅಕ್ಷರಗಳ ಬರಹವಿದೆ. ಹೈದರಾಬಾದ್ ಹತ್ತಿರದ ಪಟಂಚೇರಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದ ತಂಡ 2011ರಲ್ಲಿ ಅದರ ಹತ್ತಿರ ಹತ್ತಿರ ಮುಕ್ಕಾಲು ಪಾಲು ಓದಿ ಪ್ರಕಟಿಸಿತು. ಓದಿದ್ದು 'ಆಶಾ' ತಳಿಯನ್ನು. ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ಒಣಗುವುದನ್ನು ಕಂಡ ನಮ್ಮ ಭಾಗದವರಿಗೆ ಇದು ಬರೀ ವಿಜ್ಞಾನದ ಸುದ್ದಿಯಲ್ಲ. ರೋಗ ತಾಳುವ ಗುಣ ಯಾವ ಸಾಲಿನಲ್ಲಿದೆ ಅಂತ ಹುಡುಕಲು ಮೊದಲು ಬರಹ ಕೈಲಿರಬೇಕು.

ಕಾರ್ಡನ್ನು ಎತ್ತಿಡುವಾಗ ಪಟ್ಟಿಯನ್ನೂ ಅದರ ಹಿಂದೆ ಬರೆದಿಡಿ. ಇದನ್ನು ಮರೆಯಬೇಡಿ. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ 1986ರಲ್ಲಿ ಸಿಕ್ಕಿತು. ಅದನ್ನು ಓದಲು ಆಗಿದ್ದು, 1837ರ ಹೊತ್ತಿಗೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿಟ್ಟಿದ್ದರಿಂದ. ಅದಿಲ್ಲದಿದ್ದರೆ ಕಲ್ಲಿನ ಮೇಲೆ ಬರೀ ಗೀರುಗಳು.

ಈಗ ನಿಮ್ಮ ಪಟ್ಟಿ ಹಿಡಿದು ಇದನ್ನು ಓದಿ. ಸನ್ನತಿಗೆ ಹೋಗಿ ಬಂದವರಿಗೆ ಬೇಗ ಹೊಳೆಯುತ್ತದೆ:

ಹೆ-ಉ-ಹೆ, ತೊ-ತೊ-ಕ, ಹೆ-ಉ-ಕ, ತೊ-ತೊ-ಉ.