ಮನೋರೋಗದ ಕತೆಯುಳ್ಳ ಚಿತ್ರ ತೋರಿಸಿ ಚರ್ಚೆ ನಡೆಸುವ ಬಗೆ

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಭಾಷಣದ ಬದಲು ಚಲನಚಿತ್ರವೊಂದನ್ನು ತೋರಿಸಿ ಚರ್ಚೆ ನಡೆಸಬೇಕೆಂದಿರುವ ಕಲಬುರಗಿಯ ಉಪನ್ಯಾಸಕರು, ಚಿತ್ರವನ್ನು ಆರಿಸುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ಚಿಕಿತ್ಸೆ ಪಡೆದು ಬಂದವರನ್ನು ಮನೆಯವರೂ ನೆರೆಯವರೂ ಹೇಗೆ ನಡೆಸಿಕೊಂಡರೆಂಬುದನ್ನು ಚಿತ್ರ ತೋರಿಸುತ್ತದೆಯೇ ಎಂಬುದೇ ನನ್ನ ಮಟ್ಟಿಗೆ ಆ ಪ್ರಶ್ನೆ.

ಇದಕ್ಕೆ ಪುಟ್ಟಣ್ಣ ಕಣಗಾಲರ ‘ಶರಪಂಜರ’ಕ್ಕಿಂತ ತಕ್ಕ ಚಿತ್ರ ಕನ್ನಡದಲ್ಲಿ ಸಿಗುವುದು ಕಷ್ಟ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಗಂಡ ದೂರ ಸರಿದಿರುತ್ತಾನೆ, ಸುತ್ತಲಿನವರು ಆಕೆಯನ್ನು ಹುಚ್ಚಿಯೆಂದೇ ಕಾಣುತ್ತಾರೆ, ಕೊನೆಗೆ ಆಕೆ ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಸಮಯ ಸಾಲದಿದ್ದರೆ ಆಕೆ ಮರಳಿದ ನಂತರದ ಭಾಗವನ್ನಷ್ಟೇ ತೋರಿಸಿ, ನಡುವೆ ನಿಲ್ಲಿಸಿ, ಕಾವೇರಿ ಈಗ ಆಡಿದ ಮಾತನ್ನು ಬೇರೊಬ್ಬ ಗೃಹಿಣಿ ಆಡಿದ್ದರೆ ಯಾರಾದರೂ ಅದನ್ನು ಹುಚ್ಚಿನ ಲಕ್ಷಣವೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರೇ ಎಂದು ಕೇಳಿರಿ. ಉತ್ತರಕ್ಕೆ ಅವಸರಪಡಿಸಬೇಡಿ.

ಜೊತೆಗೆ 2004ರ ‘ಆಪ್ತಮಿತ್ರ’ದ ಕೆಲವು ದೃಶ್ಯಗಳನ್ನು ಇಟ್ಟುಕೊಳ್ಳಬಹುದು. ದೆವ್ವದ ಕಾಟವೆಂದು ಮನೆಮಂದಿ ಹೆದರಿದ್ದನ್ನು ಮನೋವೈದ್ಯನೊಬ್ಬ ಕಾಯಿಲೆಯೆಂದು ಗುರುತಿಸುವುದು ಅದರ ಹೆಚ್ಚುಗಾರಿಕೆ. ರೋಗಿಯು ಕೊಲ್ಲಲು ಬರುವವಳಾಗಿ ಕಾಣುವುದು ಮತ್ತು ಒಂದೇ ರಾತ್ರಿಯ ಏರ್ಪಾಟಿನಲ್ಲಿ ಗುಣವಾಗುವುದು ಅದರ ಕೊರತೆ. ರೋಗಿಯು ತಾನೇ ಎಂದು ಭಾವಿಸಿಕೊಳ್ಳುವ ನರ್ತಕಿ ನಾಗವಲ್ಲಿಯನ್ನು ನೋಡಿ ಸ್ಕಿಜೋಫ್ರೇನಿಯಾ ಎಂದರೆ ಒಬ್ಬರೊಳಗೆ ಇಬ್ಬರಿರುವುದೆಂದು ತಿಳಿಯುವವರು ಇರುತ್ತಾರೆ. ಸ್ಕಿಜೋಫ್ರೇನಿಯಾ ಬೇರೆಯೇ ಕಾಯಿಲೆ. ಇಲ್ಲದ ದನಿ ಕೇಳಿಸುವುದು, ಬುಡವಿಲ್ಲದ ಸಂಶಯ ಗಟ್ಟಿಯಾಗಿ ಕೂರುವುದು ಅದರ ಲಕ್ಷಣಗಳು.

ಇಲ್ಲಿ ಗಾಣಗಾಪುರದ ಮಾತು ಬಂದೇ ಬರುತ್ತದೆ. ಗಾಳಿ ಸೋಕಿದೆಯೆಂದು ದತ್ತನ ಸನ್ನಿಧಿಗೆ ಕರೆದೊಯ್ಯುವ ಮನೆಗಳು ನಮ್ಮ ಭಾಗದಲ್ಲಿ ಇವೆ, ಅಂಥ ಮನೆಯ ಮಕ್ಕಳು ಎದುರಿಗೇ ಕೂತಿರಬಹುದು. ನಂಬಿಕೆಯನ್ನು ಹೀಯಾಳಿಸಿದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ಹರಕೆ ಹೊತ್ತವರೂ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬಹುದೆಂದು ಹೇಳಿದರೆ ಸಾಕು.

‘ಕರೆಂಟ್ ಕೊಡುವ’, ಅಂದರೆ ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆಯ ದೃಶ್ಯಗಳನ್ನು ಚಿತ್ರಗಳು ಬಹುಮಟ್ಟಿಗೆ ಶಿಕ್ಷೆಯಂತೆ ತೋರಿಸುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧವಿಲ್ಲದೆ ಆ ಚಿಕಿತ್ಸೆ ನೀಡುವಂತಿಲ್ಲ, ರೋಗಿಯನ್ನು ಸರಪಳಿಯಿಂದ ಕಟ್ಟುವಂತೆಯೂ ಇಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಮುಂಚಿತವಾಗಿ ಪತ್ರ ಬರೆದು ಕರೆಸಿ, ಆದರೆ ವೇದಿಕೆಯ ಮೇಲೆ ಕೂರಿಸಬೇಡಿ. ಪಕ್ಕದ ಕೋಣೆಯಲ್ಲಿದ್ದರೆ ಒಬ್ಬೊಬ್ಬರಾಗಿ ಹೋಗಿ ಮಾತಾಡುವುದು ಸುಲಭ. ತಮ್ಮ ಮನೆಯ ಸಂಗತಿಯನ್ನು ಎಲ್ಲರೆದುರು ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು. ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಚಿತ್ರ ಆರಂಭವಾಗುವ ಮೊದಲೇ ಬೋರ್ಡಿನ ಮೇಲೆ ಬರೆದಿಡಿ, ಏಕೆಂದರೆ ಚರ್ಚೆ ಮುಗಿಯುವಷ್ಟರಲ್ಲಿ ಆಳಂದ, ಅಫಜಲಪುರದ ಕಡೆಯ ವಿದ್ಯಾರ್ಥಿಗಳು ಬಸ್ಸಿಗೆಂದು ಎದ್ದುಹೋಗಿರುತ್ತಾರೆ.