ಬಿಸಿ ಚಿನ್ನದ ಎರಡನೇ ಸುತ್ತು

ಚಿನ್ನದ ತೆಳು ಪದರವನ್ನು (ಫಿಲ್ಮ್) ಕಾಯಿಸುತ್ತಾ ಬೆಳಕಿನಿಂದ ಅಳೆಯುವಾಗ, ಮೊದಲನೇ ಸಲ ಕಾಯಿಸಿದಾಗ ಸಿಗುವ ಡೇಟಾ ಎಸೆದುಬಿಡಿ. ಹೆಚ್ಚುಕಡಿಮೆ ಎರಡು ವರ್ಷ ಒದ್ದಾಡಿ ನಾನು ಕಲಿತದ್ದು ಇಷ್ಟೇ.

ಚಿನ್ನ ಕಾದಂತೆ ಡ್ರೂಡ್ ಡ್ಯಾಂಪಿಂಗ್, ಅಂದರೆ ಎಲೆಕ್ಟ್ರಾನ್‌ಗಳು ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುವ ದರ, ಏರಬೇಕು, ಅಲ್ವಾ? ನನ್ನ 200 ನ್ಯಾನೋಮೀಟರ್ ಫಿಲ್ಮಿನಲ್ಲಿ ಇಳಿಯಿತು! ಇದನ್ನು ಅಳೆಯಲು ಬಳಸಿದ್ದು ಎಲಿಪ್ಸೋಮೀಟರ್, ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಎಷ್ಟು ಬದಲಾಯಿತೆಂದು ನೋಡುವ ಯಂತ್ರ. ಅದನ್ನು ಬಲ್ಲವರೆಲ್ಲ ನಕ್ಕರು. "ಅಲೈನ್‌ಮೆಂಟ್ ಹೋಗಿದೆ, ಮೊದಲು ಅದನ್ನು ನೋಡು" ಅಂದರು. ಅವರು ಹೇಳಿದ್ದು ಅರ್ಧ ಸರಿ. ಹೀಟರಿನ ಲೋಹದ ಗಟ್ಟಿ ಹಿಗ್ಗಿ ಸ್ಯಾಂಪಲ್ಲನ್ನು ಸುಮಾರು 0.1 ಮಿ.ಮೀ. ಮೇಲೆತ್ತುತ್ತಿತ್ತು. ಪ್ರತಿ ತಾಪಮಾನದಲ್ಲೂ ಹೊಸದಾಗಿ ಅಲೈನ್ ಮಾಡಿದೆ. ಆದರೂ ಡ್ಯಾಂಪಿಂಗ್ ಇಳಿಯುವುದು ನಿಲ್ಲಲಿಲ್ಲ.

ಆಗ ದುಡ್ಡು ಖರ್ಚಾಗತೊಡಗಿತು. ರೆಡಿಮೇಡ್ ಹೀಟಿಂಗ್ ಸ್ಟೇಜಿನ ಬೆಲೆ ಕೇಳಿ ತಲೆ ತಿರುಗಿತು. ಅದರ ಹತ್ತನೇ ಒಂದು ಭಾಗದಲ್ಲಿ ನಾನೇ ಮಾಡಿಕೊಂಡೆ. ಎರಡು ಹೀಟರ್ ಸುಟ್ಟವು, ವ್ಯಾಕ್ಯೂಮ್ ಪೆಟ್ಟಿಗೆಗೆ ಬೆಳಕು ಹೋಗಿಬರುವ ಒಂದು ಗಾಜಿನ ಕಿಟಕಿ ಒಡೆಯಿತು. ಕಿಟಕಿ ಬಿಗಿ ಮಾಡಿದಷ್ಟೂ ಗಾಜಿನೊಳಗಿನ ಒತ್ತಡ ಡೆಲ್ಟಾವನ್ನು (ಎಲಿಪ್ಸೋಮೀಟರ್ ಅಳೆಯುವ ಎರಡು ಕೋನಗಳಲ್ಲಿ ಒಂದು) ಕೆಡಿಸುತ್ತಿತ್ತು. ಬರೀ ಸಿಲಿಕಾನ್ ಇಟ್ಟು, ಕಿಟಕಿ ಇದ್ದಾಗ ಮತ್ತು ಇಲ್ಲದಾಗ ಅಳೆದು ಆ ವ್ಯತ್ಯಾಸ ಕಳೆದೆ.

ಆ ಸಿಲಿಕಾನ್ ತುಂಡೇ ಮುಂದೆ ಥರ್ಮಾಮೀಟರ್ ಆಯಿತು. ಅದರ 3.4 ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಹತ್ತಿರದ ಪೀಕ್ ಬಿಸಿಯಾದಂತೆ ಕೆಂಪಿನ ಕಡೆ ಜರುಗುತ್ತದಲ್ಲ, ಅದನ್ನು ನೋಡಿ ತಾಪಮಾನ ಹಿಡಿದೆ. ಥರ್ಮೋಕಪಲ್ 300 ಡಿಗ್ರಿ ತೋರಿಸಿದಾಗ ಮೇಲ್ಮೈ 270ರ ಆಸುಪಾಸಿನಲ್ಲಿತ್ತು. ವ್ಯಾಕ್ಯೂಮಿನಲ್ಲಿ ಥರ್ಮೋಕಪಲ್ ನಂಬಬೇಡಿ.

ಚಿನ್ನ ಅಂಟಿ ನಿಲ್ಲಲಿ ಎಂದು ಅಡಿಯಲ್ಲಿ ಹಾಕುವ ಕ್ರೋಮಿಯಂ ಪದರ ಇನ್ನೊಂದು ಕಂಟಕ. 250 ಡಿಗ್ರಿ ದಾಟಿದ ಮೇಲೆ ಅದು ಚಿನ್ನದ ಗ್ರೇನ್‌ಗಳ (ಫಿಲ್ಮಿನೊಳಗಿನ ಪುಟ್ಟ ಹರಳುಗಳು) ಸಂದಿಯಿಂದ ತೂರಿ ಮೇಲೆ ಬಂತು. ಅಂಥ ಏಳೆಂಟು ಫಿಲ್ಮ್ ಹಾಳಾದವು, ಎಲ್ಲಾ ಚಿನ್ನವೇ! ಕೊನೆಗೆ ಕ್ವಾರ್ಟ್ಜ್ ಮೇಲೆ ನೇರವಾಗಿ ಚಿನ್ನ ಹಾಕಿದೆ. ಟೇಪ್ ಅಂಟಿಸಿ ಎಳೆದರೆ ಕಿತ್ತು ಬರುತ್ತದೆ ನಿಜ. ಟೇಪ್ ಅಂಟಿಸಿ ಎಂದವರು ಯಾರು?

ಒಂದು ದಿನ ತಣ್ಣಗಾದ ಹಳೇ ಫಿಲ್ಮನ್ನೇ ಸುಮ್ನೆ ಮತ್ತೆ ಕಾಯಿಸಿದೆ. ಡ್ಯಾಂಪಿಂಗ್ ನೇರ ಏರಿತು. ಕೋಣೆಯ ಬಿಸಿಯಲ್ಲಿ ಸುಮಾರು 0.07 ಇವಿ ಇದ್ದದ್ದು 300 ಡಿಗ್ರಿಗೆ ಒಂದೂವರೆ ಪಟ್ಟು ದಾಟಿತು. ತಣ್ಣಗಾಗುವಾಗ ಅದೇ ಗೆರೆಯ ಮೇಲೆ ಇಳಿಯಿತು. ಮೊದಲ ಸುತ್ತಿನಲ್ಲಿ ಗ್ರೇನ್‌ಗಳು ಬೆಳೆದು, ಎಲೆಕ್ಟ್ರಾನ್‌ಗಳು ಡಿಕ್ಕಿ ಹೊಡೆಯುವ ಸಂದಿಗಳನ್ನು ಕಡಿಮೆ ಮಾಡಿ, ಫೋನಾನ್‌ಗಳು (ಬಿಸಿಗೆ ನಡುಗುವ ಪರಮಾಣುಗಳ ಕಂಪನ) ಡ್ಯಾಂಪಿಂಗನ್ನು ಏರಿಸಿದ್ದಕ್ಕಿಂತ ಜಾಸ್ತಿ ಇಳಿಸಿದ್ದವು. ನಕ್ಕವರಿಗೆ ಗೆರೆ ಮೇಲೆ ಗೆರೆ ಕೂತ ಗ್ರಾಫ್ ಕಳಿಸಿದೆ. ಉತ್ತರ ಬರಲಿಲ್ಲ. ಮೊದಲ ಸುತ್ತಿನಲ್ಲಿ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ನಿಲ್ಲಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಸ್ಯಾಂಪಲ್ ಹಿಡಿಯುವ ಕ್ಲಿಪ್ಪೂ ಅಷ್ಟೇ.

ನಡುವೆ 470 ನ್ಯಾನೋಮೀಟರ್ ಎಲ್‌ಇಡಿ, ಲಾಕ್-ಇನ್ (ಗದ್ದಲದಲ್ಲಿ ಸಣ್ಣ ಸಿಗ್ನಲ್ ಹಿಡಿಯುವ ಯಂತ್ರ) ಇಟ್ಟುಕೊಂಡು ಚಿನ್ನದ ಪ್ರತಿಫಲನವನ್ನೂ ನೋಡಿದೆ. ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಎರಡು ಭಾಗದಷ್ಟು ಏರಿಕೆ. ಹಸಿರು ಎಲ್‌ಇಡಿ ಹಾಕಿದರೆ ಇಳಿಕೆ! ಚಿನ್ನದ ಇಂಟರ್‌ಬ್ಯಾಂಡ್ ಅಂಚು, ಅಂದರೆ ಚಿನ್ನ ಬೆಳಕನ್ನು ಜೋರಾಗಿ ಹೀರಲು ಶುರುಮಾಡುವ ಜಾಗ, ಅಲ್ಲೇ ಇದೆಯಲ್ಲ, ಒಂದು ವಾರ ಅದರಲ್ಲೇ ಕಳೆದುಹೋದೆ.

ಬೆಳ್ಳಿ ಮಾತ್ರ ಇನ್ನೂ ಬಗ್ಗಿಲ್ಲ. 50 ನ್ಯಾನೋಮೀಟರ್ ಫಿಲ್ಮ್ 250 ಡಿಗ್ರಿ ಹೊತ್ತಿಗೆ ಹಾಲಿನಂತೆ ಬೆಳ್ಳಗಾಗಿ ಗುಂಡುಗುಂಡಾಗುತ್ತದೆ. ಈಗ ಮೇಲೆ ತೆಳ್ಳಗೆ ಅಲ್ಯುಮಿನಾ ಹೊದಿಸಿ ನೋಡುತ್ತಿದ್ದೇನೆ.