ಕ್ಯಾಂಪರ್ ವ್ಯಾನ್‌ಗೆ ಲಿಥಿಯಂ ಬ್ಯಾಟರಿ: ಮಲೆನಾಡಿನಲ್ಲಿ ಲೆಕ್ಕವೇ ಬೇರೆ

ಹೋದ ಮಳೆಗಾಲ ಆಗುಂಬೆಯಲ್ಲಿ ಪರಿಚಯದವರ ಅಂಗಳದಲ್ಲಿ ಮಲಗಲು ಸಜ್ಜು ಮಾಡಿಕೊಂಡ ನಮ್ಮ ಕ್ಯಾಂಪರ್ ವ್ಯಾನ್, ಅಂದರೆ ಹಳೇ ಟೆಂಪೊ ಟ್ರಾವೆಲರ್, ನಿಲ್ಲಿಸಿ ಮಲಗಿದ್ದೆವು. ಬೆಳಗಿನ ಜಾವ ಮೂರಕ್ಕೆ ಫ್ಯಾನ್ ನಿಂತಿತು, ಹಿಂದೆಯೇ ಫ್ರಿಜ್ ಕೂಡ. ಬೆಳಿಗ್ಗೆ ಮೋಡ ಸರಿಯಲಿಲ್ಲ, ಸೋಲಾರ್ ಏಳಲಿಲ್ಲ. ತೀರ್ಥಹಳ್ಳಿಯಲ್ಲಿ ಕೊಂಡಿದ್ದ ಬಂಗುಡೆಯನ್ನು ಸಂಜೆ ಹೊತ್ತಿಗೆ ಮೂಗು ಮುಚ್ಚಿಕೊಂಡು ಎಸೆಯಬೇಕಾಯಿತು. ಬ್ಯಾಟರಿ ಏನು ಹಳೆಯದಲ್ಲ. ಹೊಸ ಲಿಥಿಯಂ, ಮೇಲೆ ‘100 ಎಎಚ್’ (ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಅಂತ ಸ್ಟಿಕ್ಕರ್ ಬೇರೆ!

ವ್ಯಾನ್‌ಗೆ ಲಿಥಿಯಂ ಹಾಕಿಸುವವರು ಈಗ ಜಾಸ್ತಿಯಾಗಿದ್ದಾರೆ. ನಾನು ಮಾಡಿದ ತಪ್ಪು ನೀವು ಮಾಡದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕರೆಂಟ್ ಖರ್ಚು ಬರೆಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಮ್ಮದು ಹೀಗಿತ್ತು: 45 ವಾಟ್‌ನ ಚಿಕ್ಕ 12 ವೋಲ್ಟ್ ಫ್ರಿಜ್ ದಿನಕ್ಕೆ ಹೆಚ್ಚುಕಡಿಮೆ 12 ಗಂಟೆ ಓಡುತ್ತದೆ, ಅಂದರೆ 540 ವಾಟ್-ಅವರ್. 15 ವಾಟ್‌ನ ಎರಡು ಫ್ಯಾನ್ 8 ಗಂಟೆಗೆ 240. ಲೈಟು, ಮೊಬೈಲು, ನೀರಿನ ಪಂಪು ಸೇರಿ ನೂರು ಅನ್ನಿ. ಒಟ್ಟು 880. 12.8 ವೋಲ್ಟ್‌ನ 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ 1280 ವಾಟ್-ಅವರ್ ಇರುತ್ತದೆ. ಅದರಲ್ಲಿ ಶೇ 80 ಬಳಸಿದರೂ ಒಂದು ದಿನ ಆರಾಮ. ಮನೆ ಇನ್ವರ್ಟರ್‌ಗೆ ಹಾಕುವ ಹಳೇ ಟ್ಯೂಬ್ಯುಲರ್ (ಸೀಸದ) ಬ್ಯಾಟರಿಯನ್ನು ಪ್ರತಿ ದಿನ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಹಾಗಾಗಿ ಅದು 150 ಎಎಚ್ ಇದ್ದರೂ ಕೈಗೆ ಸಿಗುವುದು 75. ತೂಕವೋ, ಐವತ್ತು ಕೆಜಿ ದಾಟುತ್ತದೆ. ಲಿಥಿಯಂ ಹನ್ನೆರಡು ಕೆಜಿ ಆಸುಪಾಸು. ಒಬ್ಬರೇ ಎತ್ತಿಡಬಹುದು.

ಕಾಫಿಗೆ ಎಲೆಕ್ಟ್ರಿಕ್ ಕೆಟಲ್ ಬೇಕು ಅನ್ನುವವರಿಗೆ ಒಂದು ಮಾತು: ಗ್ಯಾಸ್ ಒಲೆ ಇರಲಿ ಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾವ ಲಿಥಿಯಂ?

ಕೇಳಬೇಕಾದದ್ದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಎನ್‌ಎಂಸಿ ಎಂಬ ಇನ್ನೊಂದು ಬಗೆ ಹಗುರ, ಆದರೆ ಬಿಸಿಯಾದಾಗ ಹತ್ತಿಕೊಳ್ಳುವ ಭಯ ಜಾಸ್ತಿ. ಬ್ಯಾಟರಿ ಇರುವುದು ನಾವು ಮಲಗುವ ಹಾಸಿಗೆಯ ಕೆಳಗೆ ಅಲ್ವಾ? ಹಳೇ ಎಲೆಕ್ಟ್ರಿಕ್ ಸ್ಕೂಟರ್‌ನ ಸೆಲ್ ಬಿಚ್ಚಿ ಕಟ್ಟಿಕೊಟ್ಟ ಪ್ಯಾಕ್ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಸ್ಟಿಕ್ಕರ್ ನಂಬಬೇಡಿ

ಬಂಗುಡೆ ಪ್ರಸಂಗ ಆದ ಮೇಲೆ ಶಿವಮೊಗ್ಗದಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವನು ಬ್ಯಾಟರಿಯನ್ನು ಸರಿಯಾಗಿ ನೋಡಲೂ ಇಲ್ಲ. “ಫುಲ್ ಚಾರ್ಜ್ ಮಾಡಿ ಒಂದು ಹೆಡ್‌ಲೈಟ್ ಬಲ್ಬ್ ಹಚ್ಚಿಡಿ ಸಾರ್. ಎಷ್ಟು ಗಂಟೆ ಉರಿಯುತ್ತೋ ಬರ್ಕೊಳಿ” ಎಂದ. 60 ವಾಟ್‌ನ ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. 100 ಎಎಚ್ ನಿಜವಾಗಿದ್ದರೆ ಇಪ್ಪತ್ತು ಗಂಟೆ ಉರಿಯಬೇಕು. ಸಂಜೆ ಆರಕ್ಕೆ ಜಗುಲಿಯಲ್ಲಿ ಹಚ್ಚಿಟ್ಟೆ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಆಗಷ್ಟೇ ಆರಿ ಗಾಜು ಇನ್ನೂ ಬಿಸಿ ಇತ್ತು. ಹನ್ನೆರಡು ಗಂಟೆ, ಅಂದರೆ ಅರವತ್ತೇ ಎಎಚ್! ಮಾರಿದವನು ಫೋನ್ ಎತ್ತಲಿಲ್ಲ. ಬ್ಯಾಟರಿ ಬಂದ ವಾರವೇ ಈ ಪರೀಕ್ಷೆ ಮಾಡಿ, ಬಿಲ್ ಜೋಪಾನವಾಗಿಡಿ.

ಬಿಎಂಎಸ್ ಎಷ್ಟು ತಡೆಯುತ್ತದೆ?

ಪ್ಯಾಕ್ ಒಳಗಿನ ಕಾವಲುಗಾರ ಸರ್ಕ್ಯೂಟ್ ಈ ಬಿಎಂಎಸ್. ಚಾರ್ಜ್ ಮಿತಿ ಮೀರಿದರೆ, ತೀರಾ ಖಾಲಿಯಾದರೆ, ಕರೆಂಟ್ ಜಾಸ್ತಿ ಎಳೆದರೆ ಸಂಪರ್ಕ ಕಡಿಯುತ್ತದೆ. 100 ಆಂಪಿಯರ್ ಬಿಎಂಎಸ್ ಅಂದರೆ ಒಟ್ಟು 1280 ವಾಟ್. ಸಾವಿರ ವಾಟ್‌ನ ಕೆಟಲ್‌ಗೆ ಇನ್ವರ್ಟರ್‌ನ ನಷ್ಟ ಸೇರಿಸಿದರೆ ಆ ಮಿತಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಕೆಟಲ್ ಬೇಡ ಅಂದಿದ್ದು ಅದಕ್ಕೇ.

ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಹೀಟರ್ ಇರುವ ಬ್ಯಾಟರಿ ಕೊಳ್ಳಿ ಅಂತ ವಿದೇಶಿ ವಿಡಿಯೊಗಳಲ್ಲಿ ಹೇಳುತ್ತಾರೆ. ಮಾತು ನಿಜ. ಕೊಡಚಾದ್ರಿಯ ಚಳಿಗೆ ಮಾತ್ರ ಅದು ಬೇಕಿಲ್ಲ, ದುಡ್ಡು ಉಳಿಸಿ.

ತುಂಬಿಸುವುದು ಹೇಗೆ?

ನನ್ನ ಪ್ರಕಾರ ಮಲೆನಾಡಿನಲ್ಲಿ ಬ್ಯಾಟರಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದು. 200 ವಾಟ್ ಪ್ಯಾನಲ್ ಬೇಸಿಗೆಯಲ್ಲಿ ಬಯಲಲ್ಲಿ ನಿಂತರೆ ನಮ್ಮ ದಿನದ ಖರ್ಚಿನ ಬಹುಪಾಲು ಕೊಡುತ್ತದೆ. ಮಳೆಗಾಲದ ಮೋಡದಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ಅಡಿಕೆ ತೋಟದ ನೆರಳಲ್ಲಿ ನಿಲ್ಲಿಸಿದರೆ ಅದೂ ಇಲ್ಲ. ಹಾಗಾಗಿ ವ್ಯಾನ್ ಓಡುವಾಗಲೇ ತುಂಬಿಸಿಕೊಳ್ಳಬೇಕು.

ಆದರೆ ಲಿಥಿಯಂ ಅನ್ನು ಸುಮ್ನೆ ಇಂಜಿನ್ ಬ್ಯಾಟರಿಗೆ ತಂತಿ ಎಳೆದು ಜೋಡಿಸಬೇಡಿ. ಅದು ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ. ಘಾಟಿ ಏರುವಾಗ ಮೊದಲೇ ಬಿಸಿಯಾಗಿರುವ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ಸುಟ್ಟು ಕೂರಬಹುದು. ನಡುವೆ ಕರೆಂಟ್‌ಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 20 ಆಂಪಿಯರ್‌ನದು ಸಾಕು. ಶಿವಮೊಗ್ಗದಿಂದ ಜೋಗಕ್ಕೆ ಸಾಗರದಲ್ಲಿ ಟೀ ಕುಡಿದು ಎರಡೂವರೆ ಗಂಟೆ ಓಡಿಸಿದರೆ 50 ಎಎಚ್ ತುಂಬಿರುತ್ತದೆ. ಕಾರಿನ ಹಿಂದೆ ಎಳೆಯುವ ಟ್ರೇಲರ್ ಆದರೆ ಚಾರ್ಜರ್ ಟ್ರೇಲರ್ ಒಳಗೆ, ಬ್ಯಾಟರಿ ಪಕ್ಕದಲ್ಲೇ ಇರಲಿ. ಉದ್ದದ ತಂತಿಯಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ.

ಮನೆಯ ಪ್ಲಗ್‌ನಿಂದ ಚಾರ್ಜ್ ಮಾಡುವ ಹಳೇ ಚಾರ್ಜರ್ ಕೂಡ ಬದಲಾಗಬೇಕು. ಲಿಥಿಯಂಗೆ 14.6 ವೋಲ್ಟ್ ಗರಿಷ್ಠ. ಹಳೆಯವುಗಳಲ್ಲಿ ಕೆಲವು ಈಕ್ವಲೈಸ್ ಮೋಡ್‌ನಲ್ಲಿ (ಸೀಸದ ಬ್ಯಾಟರಿಗೆ ಬೇಕಂತಲೇ ಹೆಚ್ಚು ವೋಲ್ಟೇಜ್ ಕೊಡುವ ಕ್ರಮ) 15 ದಾಟಿಸುತ್ತವೆ.

ಜೋಡಿಸುವಾಗ

ಪ್ಲಸ್ ತಂತಿಗೆ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿಸಿ. ಇನ್ವರ್ಟರ್‌ಗೆ ಹೋಗುವ ತಾಮ್ರದ ತಂತಿ 25 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು. ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಲಿಥಿಯಂನ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ ಇದ್ದು, ಆಮೇಲೆ ಒಮ್ಮೆಲೇ ಬೀಳುತ್ತದೆ. ಹೋಗುವ ಬರುವ ಕರೆಂಟ್ ಎಣಿಸುವ ಶಂಟ್ ಮೀಟರ್ ಒಂದು ಇರಲಿ.

ಇನ್ನು ಹಳೇ ಸೀಸದ ಬ್ಯಾಟರಿ. ಇದೂ ಇರಲಿ ಅಂತ ಅದನ್ನು ಹೊಸದರ ಜೊತೆ ಪ್ಯಾರಲಲ್ ಮಾಡಬೇಡಿ, ಎರಡರ ಚಾರ್ಜಿಂಗ್ ವೋಲ್ಟೇಜ್ ಬೇರೆ ಬೇರೆ. ಗುಜರಿಯವರು ಸೀಸದ ತೂಕಕ್ಕೆ ಒಳ್ಳೇ ರೇಟೇ ಕೊಡುತ್ತಾರೆ. ನಾನು ಮಾತ್ರ ಕೊಡಲಿಲ್ಲ. ಅದೀಗ ಊರಿನ ಅಡಿಕೆ ಸುಲಿಯುವ ಚಪ್ಪರದಲ್ಲಿ ಎರಡು ಲೈಟು ಉರಿಸುತ್ತಿದೆ.